ನಿವೃತ್ತಿಯ ಅನಂತರದ ಗೃಹಸ್ಥಧರ್ಮ

ನಮ್ಮ ವಿದ್ಯಾಸಂಸ್ಥೆಗಳಲ್ಲಿ ಅಧ್ಯಾಪಕರೊಬ್ಬರು ವಯೋನಿವೃತ್ತಿ ಹೊಂದುವ ದಿವಸ ಅವರಿಗೆ ಶಾಲು ಹೊದಿಸಿ, ಮಾಲಾರ್ಪಣೆ ಮಾಡಿ, ಫಲತಾಂಬೂಲವನ್ನಿತ್ತು, ‘ತಮ್ಮ ವಿಶ್ರಾಂತ ಜೀವನವು ಸುಖಮಯವಾಗಿರಲಿ’ ಎಂದು ಹಾರೈಸುವುದು ರೂಢಿ. ನೆನಪಿನ ಕಾಣಿಕೆಯೆಂದು ಬಹುಮಟ್ಟಿಗೆ ಗೋಡೆಯ ಗಡಿಯಾರವನ್ನೇ ಕೊಡುತ್ತಾರೆ. ಮೂವತ್ತು ಮೂವತ್ತೈದು ವರ್ಷಗಳ ಕಾಲ ಶಾಲೆಯ ಗಂಟೆಗೆ ಎದ್ದು ಕುಳಿತವನಿಗೆ, ಆ ಗಂಟೆಯ ಹಂಗು ಹರಿದ ದಿನವೇ ಗಡಿಯಾರವನ್ನು ಕೊಟ್ಟು ಕಳುಹಿಸುವುದರಲ್ಲಿ ಯಾವ ಔಚಿತ್ಯವಿದೆಯೋ ನಾನರಿಯೆ. ಅದೇ ಸಮಾರಂಭದಲ್ಲಿ ಅಧ್ಯಾಪಕರ ಧರ್ಮಪತ್ನಿಯವರನ್ನೂ ವೇದಿಕೆಗೆ ಕರೆದು ಕುಪ್ಪಸದ ಕಣ ಕೊಟ್ಟು ಉಡಿ ತುಂಬುತ್ತಾರೆ. ‘ಇವರ ಸಹಕಾರವಿಲ್ಲದಿದ್ದರೆ ಗುರುಗಳಿಂದ ಇಷ್ಟು ಸೇವೆ ಸಲ್ಲುತ್ತಿರಲಿಲ್ಲ’ ಎಂಬ ಒಂದು ವಾಕ್ಯವನ್ನೂ ಆಡುತ್ತಾರೆ. ಆದರೆ ಆ ತಾಯಿಗೆ ನಿವೃತ್ತಿ ಯಾವ ದಿನವೆಂದು ಯಾರೂ ಕೇಳುವುದಿಲ್ಲ. ಈ ಲೇಖನದಲ್ಲಿ ಆ ಪ್ರಶ್ನೆಯನ್ನು ಕೇಳಬೇಕೆಂದಿದ್ದೇನೆ. ನನ್ನ ನಿವೃತ್ತಿಗೂ ಇನ್ನೆರಡೇ ವರ್ಷಗಳು ಉಳಿದಿರುವುದರಿಂದ ಇದನ್ನು ಕೇವಲ ಪರೋಪದೇಶವೆಂದು ವಾಚಕರು ಭಾವಿಸಬಾರದು.

‘ನಿವೃತ್ತಿ’ಯೆಂಬುದು ‘ನಿ’ ಎಂಬ ಉಪಸರ್ಗವು ‘ವೃತ್’ ಧಾತುವಿಗೆ ಸೇರಿ ಆದ ಶಬ್ದ. ಮರಳುವುದು, ಹಿಂದಿರುಗುವುದು ಎಂಬುದು ಅದರ ಮೂಲಾರ್ಥ. ಬಿಡುವುದು, ವಿರಮಿಸುವುದು ಎಂಬ ಅರ್ಥಗಳು ಅದರಿಂದ ಕವಲೊಡೆದವು. ‘ವೃತ್ತಿ’ಯೂ ಅದೇ ಧಾತುವಿನಿಂದ ಹುಟ್ಟಿದ್ದು. ಹಾಗಾದರೆ ವೃತ್ತಿಯಿಂದ ಮರಳುವವನು ಎಲ್ಲಿಗೆ ಮರಳಬೇಕು? ಹಿಂದಿನವರ ಉತ್ತರ ಸ್ಪಷ್ಟವಾಗಿತ್ತು. ತಲೆ ನರೆತು, ಮೈ ಸುಕ್ಕುಗಟ್ಟಿ, ಮಗನ ಮಗನನ್ನು ಕಂಡ ಗೃಹಸ್ಥನು ಕಾಡಿಗೆ ಹೊರಡಬೇಕೆಂದು ಧರ್ಮಶಾಸ್ತ್ರಕಾರರು ವಿಧಿಸಿದರು. ಕಾಳಿದಾಸನು ರಘುವಂಶದ ಆರಂಭದಲ್ಲಿಯೇ ಆ ವಂಶದ ಅರಸರು ವಾರ್ಧಕ್ಯದಲ್ಲಿ ಮುನಿವೃತ್ತಿಯನ್ನು ಹಿಡಿಯುತ್ತಿದ್ದರೆಂದು ಹೊಗಳಿದ. ನಮ್ಮ ಜೈನ ಕಾವ್ಯಗಳಲ್ಲಂತೂ ಒಂದೇ ಒಂದು ನರೆಗೂದಲು ಕಣ್ಣಿಗೆ ಬಿದ್ದರೆ ಸಾಕು, ಅರಸನು ಮಗನಿಗೆ ಪಟ್ಟ ಕಟ್ಟಿ ಹೊರಟೇಬಿಡುತ್ತಾನೆ. ಇಂದಿನ ನಿವೃತ್ತನಿಗೆ ಆ ಕಾಡೂ ಇಲ್ಲ. ಇದ್ದರೂ ಅರಣ್ಯ ಇಲಾಖೆಯವರು ಒಳಗೆ ಬಿಡುವುದಿಲ್ಲ. ಅವನು ಮರಳುವುದು ಮನೆಗೆ. ಹನ್ನೆರಡನೆಯ ಶತಮಾನದ ಶರಣರು ಕಾಡಿನ ದಾರಿಯನ್ನು ಹಿಡಿಯದೆ ಮನೆಯಲ್ಲಿಯೇ ಕಾಯಕ, ದಾಸೋಹಗಳನ್ನು ನೆಲೆಗೊಳಿಸಿದ್ದರಿಂದ ನಮ್ಮ ನಾಡಿನವರಿಗೆ ಈ ಮರಳುವಿಕೆ ಸಹಜವೆಂದೇ ತೋರಬೇಕಾಗಿತ್ತು. ಹಾಗೆ ತೋರುತ್ತಿಲ್ಲ.

ಕಾರಣವನ್ನು ಶೋಧಿಸಿ ನೋಡಿದರೆ ಸಂಗತಿ ಇಷ್ಟೇ. ದುಡಿಯುವ ಕಾಲದಲ್ಲಿ ಗಂಡಸು ತನ್ನ ಮನೆಯಲ್ಲಿಯೇ ಒಂದು ಬಗೆಯ ಅತಿಥಿ. ಒಂದೇ ರಾತ್ರಿ ತಂಗಿ ಹೋಗುವವನನ್ನು ಅತಿಥಿಯೆಂದು ಶಾಸ್ತ್ರ ಕರೆಯಿತು. ನಮ್ಮ ಅಧ್ಯಾಪಕ ಮಹಾಶಯನೂ ಮುಂಜಾನೆ ಉಂಡು ಹೊರಟು, ಸಂಜೆ ಬಂದು, ಉಂಡು ಮಲಗಿ, ಮತ್ತೆ ಮುಂಜಾನೆ ಹೊರಡುವವನು. ಅವನಿಲ್ಲದ ಆ ಎಂಟು ಹತ್ತು ತಾಸುಗಳಲ್ಲಿ ಮನೆಯು ತನ್ನದೇ ಆದ ಒಂದು ವ್ಯವಸ್ಥೆಯನ್ನು ಕಟ್ಟಿಕೊಂಡಿರುತ್ತದೆ. ನೀರು ಬರುವ ಹೊತ್ತು, ಹಾಲಿನವಳ ಲೆಕ್ಕ, ನೆರೆಮನೆಯವರೊಡನೆ ಎರಡು ಮಾತು, ಮಧ್ಯಾಹ್ನ ಅರ್ಧ ತಾಸು ಅಡ್ಡಾಗುವುದು, ದೇವರ ಮನೆಯಲ್ಲಿ ನಿಶ್ಶಬ್ದವಾಗಿ ಕೂಡ್ರುವುದು. ನಿವೃತ್ತಿಯ ಮರುದಿನ ಈ ಅತಿಥಿಯು ಹೊರಡದೆ ಉಳಿದುಬಿಡುತ್ತಾನೆ. ಹತ್ತು ಗಂಟೆಗೊಮ್ಮೆ ಚಹ, ಹನ್ನೊಂದಕ್ಕೆ ಪತ್ರಿಕೆಯ ಸುದ್ದಿಯ ಮೇಲೆ ವ್ಯಾಖ್ಯಾನ, ಒಂದಕ್ಕೆ ಬಿಸಿ ರೊಟ್ಟಿ, ಮೂರಕ್ಕೆ ಮತ್ತೆ ಚಹ. ತರಗತಿಯಿಲ್ಲದ ಅಧ್ಯಾಪಕನಿಗೆ ಕೇಳುವ ಕಿವಿಗಳು ಬೇಕು. ಮನೆಯಲ್ಲಿ ಎರಡೇ ಕಿವಿಗಳಿರುತ್ತವೆ. ಕೆಲವರು ಇದಕ್ಕೂ ಮುಂದೆ ಹೋಗಿ ಅಡುಗೆಮನೆಯ ಡಬ್ಬಿಗಳನ್ನು ಮುಖ್ಯೋಪಾಧ್ಯಾಯರಂತೆ ತಪಾಸಣೆ ಮಾಡಲು ತೊಡಗುತ್ತಾರೆ. ಬೇಳೆ ಇಷ್ಟು ಬೇಗ ಹೇಗೆ ಮುಗಿಯಿತೆಂಬ ಪ್ರಶ್ನೆಯನ್ನು ಅವರು ಮೂವತ್ತೈದು ವರ್ಷಗಳಲ್ಲಿ ಮೊದಲ ಸಲ ಕೇಳುತ್ತಾರೆ.

ಕೇಂದ್ರ ಸರ್ಕಾರದ ಅಂಕಿಅಂಶ ಕಚೇರಿಯು 2019ರಲ್ಲಿ ದೇಶದ ಜನರು ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂಬ ಸಮೀಕ್ಷೆಯೊಂದನ್ನು ನಡೆಸಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಣ್ಣುಮಕ್ಕಳು ಅದಕ್ಕಾಗಿ ದಿನವೊಂದಕ್ಕೆ ಸರಾಸರಿ 299 ನಿಮಿಷಗಳನ್ನು ವ್ಯಯಿಸುತ್ತಾರೆಂದೂ, ಅದೇ ಕೆಲಸದಲ್ಲಿ ತೊಡಗುವ ಗಂಡಸರು 97 ನಿಮಿಷಗಳನ್ನು ಕೊಡುತ್ತಾರೆಂದೂ ಅದರಲ್ಲಿ ಕಂಡುಬಂದಿತು. ಗಂಡಸರ ಈ 97 ನಿಮಿಷಗಳು ಕೂಡ ಆ ಕೆಲಸಕ್ಕೆ ಕೈಹಚ್ಚುವವರ ಸರಾಸರಿ ಮಾತ್ರ. ಕೈಹಚ್ಚದವರು ಲೆಕ್ಕದಲ್ಲಿಯೇ ಇಲ್ಲ. ನಮ್ಮ ರಾಜ್ಯದಲ್ಲಿ ಸರ್ಕಾರಿ ನೌಕರರ ನಿವೃತ್ತಿಯ ವಯಸ್ಸನ್ನು 2008ರಲ್ಲಿ 58ರಿಂದ 60ಕ್ಕೆ ಏರಿಸಿದರು. ಒಲೆಯ ಮುಂದಿನವರ ವಯಸ್ಸನ್ನು ಏರಿಸುವ ಇಳಿಸುವ ಆದೇಶ ಯಾವ ಸರ್ಕಾರದಿಂದಲೂ ಬಂದಿಲ್ಲ.

ಇನ್ನು ಆತಿಥ್ಯದ ವಿಷಯ. ಕನ್ನಡದಲ್ಲಿ ಔತಣಕ್ಕೆ ‘ಬಿರ್ದು’ ಎಂಬ ಹಳೆಯ ಮಾತಿದೆ. ಅದರಿಂದಲೇ ಅತಿಥಿಗೆ ‘ಬಿರ್ದಿನ’, ‘ಬಿದ್ದಿನ’ ಎಂದರು. ತಮಿಳಿನ ‘ವಿರುಂದು’, ತೆಲುಗಿನ ‘ವಿಂದು’ ಎಂಬವು ಅದರ ಸೋದರ ಶಬ್ದಗಳು. ಇಷ್ಟು ಭಾಷೆಗಳಲ್ಲಿ ಬೇರುಬಿಟ್ಟ ಈ ಶಬ್ದವು ಇಂದು ನಮ್ಮ ಮಕ್ಕಳಿಗೆ ನಿಘಂಟಿನಲ್ಲಿ ಮಾತ್ರ ಸಿಗುತ್ತದೆಂಬುದು ಬೇರೆಯ ದುಃಖ. ಆತಿಥ್ಯವೇನೋ ಅಳಿದಿಲ್ಲ. ನಿವೃತ್ತ ಅಧ್ಯಾಪಕರ ಮನೆಗೆ ಬರುವಷ್ಟು ಜನ ಬೇರೆ ಯಾವ ನಿವೃತ್ತರ ಮನೆಗೂ ಬರಲಾರರು. ಲಗ್ನಪತ್ರಿಕೆ ಕೊಡಲು, ಜಾತ್ರೆಗೆಂದು ಊರಿಗೆ ಬಂದಾಗ ಪಾದಮುಟ್ಟಿ ಹೋಗಲು, ಮಗನ ಪ್ರವೇಶಕ್ಕೆ ಒಂದು ಶಿಫಾರಸು ಕೇಳಲು, ಇಲ್ಲವೆ ಯಾವ ಕಾರಣವೂ ಇಲ್ಲದೆ, ಹಳೆಯ ವಿದ್ಯಾರ್ಥಿಗಳು ಬರುತ್ತಲೇ ಇರುತ್ತಾರೆ. ಇದು ಅಧ್ಯಾಪಕನ ನಿಜವಾದ ಪಿಂಚಣಿ. ಬಂದವರು ‘ಏನೂ ಬ್ಯಾಡ್ರಿ ಗುರುಗಳ, ನಿಂತ ಕಾಲಮ್ಯಾಲ ಹೊಂಟೀವಿ’ ಎನ್ನುತ್ತಾರೆ. ಗುರುಗಳು ಕೈಹಿಡಿದು ಕೂಡ್ರಿಸಿ, ಒಳಗೆ ಮುಖ ತಿರುಗಿಸಿ, ‘ನಾಕ ಮಂದಿ ಊಟಕ್ಕ ಅದಾರ ನೋಡು’ ಎಂದು ದನಿ ಹಾಕುತ್ತಾರೆ. ಆತಿಥ್ಯದ ಕೀರ್ತಿಯು ಆ ದನಿಗೆ ಸಲ್ಲುತ್ತದೆ. ಅರವತ್ತರ ಹತ್ತಿರದ ಮೊಣಕಾಲುನೋವಿನ ಹೆಣ್ಣುಮಗಳೊಬ್ಬಳು ಮತ್ತೆ ಒಲೆ ಹೊತ್ತಿಸಿ, ಹಿಟ್ಟು ನಾದಿ, ಹದಿನಾರು ರೊಟ್ಟಿ ಬಡಿದದ್ದು ಯಾರ ಸಂಸ್ಮರಣ ಗ್ರಂಥದಲ್ಲಿಯೂ ದಾಖಲಾಗುವುದಿಲ್ಲ.

ಆತಿಥ್ಯವನ್ನು ಕಡಿಮೆ ಮಾಡಬೇಕೆಂದು ನಾನು ಹೇಳುತ್ತಿಲ್ಲ; ಅದನ್ನು ಹಂಚಬೇಕೆಂದು ಹೇಳುತ್ತಿದ್ದೇನೆ. ಮಠಗಳ ದಾಸೋಹವನ್ನು ಕಣ್ಣಾರೆ ಕಂಡವರಿಗೆ ಇದು ಹೊಸ ಮಾತಲ್ಲ. ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ಲಕ್ಷಗಟ್ಟಲೆ ಜನ ಪ್ರಸಾದ ಸ್ವೀಕರಿಸುತ್ತಾರೆ. ಅಲ್ಲಿಗೆ ಬೇಕಾದ ಜೋಳದ ರೊಟ್ಟಿಗಳು ಒಂದೇ ಅಡುಗೆಮನೆಯಲ್ಲಿ ಬೇಯುವುದಿಲ್ಲ. ಸುತ್ತಣ ಹಳ್ಳಿಗಳ ಸಾವಿರಾರು ಮನೆಗಳಲ್ಲಿ ಬೆಂದು, ಬುಟ್ಟಿಗಳಲ್ಲಿ, ಬಂಡಿಗಳಲ್ಲಿ, ವಾಹನಗಳಲ್ಲಿ ಬಂದು ಸೇರುತ್ತವೆ. ತರಕಾರಿ ಹೆಚ್ಚುವವರು ಒಬ್ಬರು, ಬಡಿಸುವವರು ಒಬ್ಬರು, ಎಲೆ ಎತ್ತುವವರು ಮತ್ತೊಬ್ಬರು. ಯಾರ ಸೊಂಟವೂ ಮುರಿಯುವುದಿಲ್ಲ. ಆದ್ದರಿಂದಲೇ ಅದು ವರ್ಷವರ್ಷವೂ ಬೆಳೆಯುತ್ತದೆ. ಸಿದ್ಧಗಂಗಾ ಮಠದ ಶ್ರೀ ಶಿವಕುಮಾರ ಸ್ವಾಮಿಗಳು 2019ರ ಜನವರಿ 21ರಂದು ತಮ್ಮ 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದಾಗ, ಮಕ್ಕಳ ಮಧ್ಯಾಹ್ನದ ಊಟ ಮುಗಿಯುವವರೆಗೆ ಆ ವಾರ್ತೆಯನ್ನು ಪ್ರಕಟಿಸಲಿಲ್ಲವೆಂಬುದನ್ನು ನಾವೆಲ್ಲ ಓದಿದ್ದೇವೆ. ಉಣ್ಣುವವರ ಹೊಟ್ಟೆಯ ಮೇಲೆ ಅಷ್ಟೊಂದು ಗಮನವಿದ್ದ ಕಡೆ ಬಡಿಸುವವರ ವ್ಯವಸ್ಥೆಯ ಮೇಲೆಯೂ ಗಮನವಿರುತ್ತದೆ. ಮನೆಯ ದಾಸೋಹದಲ್ಲಿ ಮಾತ್ರ ದಾಸೋಹಿ ಒಬ್ಬಳೇ ಆಗಿ, ಯಜಮಾನನು ಸಂಕಲ್ಪಮಾತ್ರದಿಂದ ಪುಣ್ಯವನ್ನು ಗಳಿಸುತ್ತಾನೆ.

ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಕಥೆ ಈ ಸಂಸ್ಥೆಯ ಮಕ್ಕಳಿಗೆಲ್ಲ ತಿಳಿದಿದೆ. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಅದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮ ಹೇಳಿದಳು. ಇದನ್ನು ಆಶೆಯ ನಿಷೇಧವೆಂದು ನಾವು ಪಾಠ ಹೇಳುತ್ತೇವೆ. ಹಾಗೆಂಬುದು ಸರಿಯೂ ಹೌದು. ಆದರೆ ಆ ಕಥೆಯಲ್ಲಿ ಇನ್ನೊಂದು ಅಂಶವಿದೆ. ದಾಸೋಹದ ಅಳತೆಯನ್ನು ನಿರ್ಧರಿಸಿದವಳು ಅಡುಗೆ ಮಾಡುವವಳು. ಎಷ್ಟು ಅಕ್ಕಿ ಬೇಯಬೇಕೆಂಬುದನ್ನು ಅವಳು ಹೇಳಿದಳು, ಗಂಡ ಕೇಳಿದ. ಎಂಟುನೂರು ವರ್ಷಗಳ ಹಿಂದೆ ಸಾಧ್ಯವಾದದ್ದು ನಮ್ಮ ಮನೆಗಳಲ್ಲಿ ಏಕೆ ಅಸಾಧ್ಯವಾಗಬೇಕು? ಉತ್ತರ ಕರ್ನಾಟಕದ ಹಿರಿಯ ಹೆಣ್ಣುಮಕ್ಕಳು ಇದಕ್ಕೊಂದು ಯುಕ್ತಿಯನ್ನು ಹಿಂದೆಯೇ ಕಂಡುಕೊಂಡಿದ್ದರು. ಬಿಡುವಿದ್ದಾಗ ಬಡಿದು ಒಣಗಿಸಿಟ್ಟ ಕಟಿರೊಟ್ಟಿಯ ಹೆಡಿಗೆ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಗಡಿಗೆಯ ಮೊಸರು ಇಷ್ಟಿದ್ದರೆ ಹೊತ್ತುಗೊತ್ತಿಲ್ಲದೆ ಬಂದವನೂ ಉಪವಾಸ ಹೋಗುತ್ತಿರಲಿಲ್ಲ, ಒಲೆಯನ್ನು ಮತ್ತೆ ಹೊತ್ತಿಸಬೇಕಾಗಿಯೂ ಇರಲಿಲ್ಲ. ಇಂದು ಅತಿಥಿಗೆ ತಂಗಳು ಬಡಿಸಿದರೆ ಮರ್ಯಾದೆ ಹೋದೀತೆಂದು ಅಂಜುವವನು ಯಜಮಾನ. ಬಂದವನಿಗೆ ಆ ರೊಟ್ಟಿಯೇ ಹೆಚ್ಚು ರುಚಿಸುತ್ತದೆ. ತಾಟು ಹಾಕುವುದು, ನೀರು ಕೊಡುವುದು, ಬಡಿಸುವುದು, ಉಂಡ ತಾಟುಗಳನ್ನು ಎತ್ತಿ ತೊಳೆಯುವುದು ನಿವೃತ್ತನ ಕೆಲಸವೆಂದು ನಿಶ್ಚಯವಾದರೆ ಊಟಕ್ಕೆ ಕರೆಯುವ ದನಿಯಲ್ಲಿ ತಾನಾಗಿಯೇ ಒಂದು ವಿವೇಕ ಬರುತ್ತದೆ. ಮತ್ತು, ಹಳೆಯ ವಿದ್ಯಾರ್ಥಿ ಮಿತ್ರರೇ, ಕೈಯಲ್ಲಿ ಮೊಬೈಲು ಇಟ್ಟುಕೊಂಡು ಬರುವ ನೀವು ಹಿಂದಿನ ದಿನ ಒಂದು ಮಾತು ತಿಳಿಸಿ ಬಂದರೆ ಗುರುಭಕ್ತಿಗೆ ಕುಂದೇನೂ ಬರಲಾರದು.

ಕುಟುಂಬದೊಳಗಿನ ಸಮತೋಲವಂತೂ ಇನ್ನೂ ಸೂಕ್ಷ್ಮವಾದದ್ದು. ಮಗ ಬೆಂಗಳೂರಿನಲ್ಲಿಯೋ ಪುಣೆಯಲ್ಲಿಯೋ ಇರುತ್ತಾನೆ, ಸೊಸೆಯೂ ದುಡಿಯುತ್ತಾಳೆ, ಮೊಮ್ಮಗುವನ್ನು ನೋಡಿಕೊಳ್ಳಲು ತಾಯಿ ಬೇಕು. ತಂದೆ ಊರಲ್ಲಿ, ತಾಯಿ ಪಟ್ಟಣದಲ್ಲಿ. ನಿವೃತ್ತಿಯಾಗಿ ಒಂದೆಡೆ ಕೂಡಿ ಬಾಳೋಣವೆಂದುಕೊಂಡ ದಂಪತಿಗಳು ಅರವತ್ತರ ಮೇಲೆ ಅಗಲುವ ವಿಚಿತ್ರವನ್ನು ನಮ್ಮ ಸಹೋದ್ಯೋಗಿಗಳ ಹಲವು ಮನೆಗಳಲ್ಲಿ ಕಂಡಿದ್ದೇನೆ. ಮೊಮ್ಮಕ್ಕಳ ಆರೈಕೆ ಆನಂದದ ಕೆಲಸವೆಂಬುದರಲ್ಲಿ ಸಂಶಯವಿಲ್ಲ. ಆದರೆ ಕೇಳಿ ಪಡೆದ ಸಹಾಯಕ್ಕೂ, ಇದ್ದೇ ಇದೆಯೆಂದು ಎಣಿಸಿದ ಸಹಾಯಕ್ಕೂ ಅಂತರವಿದೆ. ‘ಅವ್ವಾ, ನಿನಗ ಆಗತದೇನು?’ ಎಂದು ಒಂದು ಸಲ ಕೇಳಿದ ಮಗನ ಮನೆಯಲ್ಲಿ ಆ ತಾಯಿ ಮೂರು ವರ್ಷ ಇದ್ದಾಳು. ಕೇಳದವನ ಮನೆಯಲ್ಲಿ ಮೂರು ತಿಂಗಳು ಕಳೆಯುವುದೂ ಕಷ್ಟ. ತಂದೆ ತಾಯಿಗಳನ್ನು ಪೋಷಿಸದ ಮಕ್ಕಳಿಗಾಗಿ ದೇಶದಲ್ಲಿ 2007ರಲ್ಲಿ ಒಂದು ಕಾಯಿದೆಯನ್ನೇ ಮಾಡಬೇಕಾಯಿತು. ಮಾಸಿಕ 10,000 ರೂಪಾಯಿಗಳ ಮಿತಿಯೊಳಗೆ ಜೀವನಾಂಶವನ್ನು ಕೊಡಿಸಲು ಅದರಲ್ಲಿ ಅವಕಾಶವಿತ್ತು. ನೋಡಿಕೊಳ್ಳುವ ಷರತ್ತಿನ ಮೇಲೆ ಆಸ್ತಿಯನ್ನು ಬರೆಸಿಕೊಂಡು ಕೈಬಿಟ್ಟರೆ ಆ ಪತ್ರವನ್ನೇ ರದ್ದುಪಡಿಸಲು ಅದು ದಾರಿ ಮಾಡಿತು. ಹಣವನ್ನು ವಸೂಲು ಮಾಡಬಹುದು, ಮಾತನ್ನು ವಸೂಲು ಮಾಡಲಾಗದು. ಆದ್ದರಿಂದ ನಿವೃತ್ತಿಯ ಇಡಿಗಂಟನ್ನು ಮಗನ ನಿವೇಶನಕ್ಕೋ ಅಳಿಯನ ವ್ಯಾಪಾರಕ್ಕೋ ಒಮ್ಮೆಲೇ ಸುರಿಯುವ ಮುನ್ನ ಗಂಡ ಹೆಂಡಿರಿಬ್ಬರೂ ಕುಳಿತು ವಿಚಾರಿಸುವುದು ಒಳ್ಳೆಯದು. ಈ ಇಬ್ಬರಲ್ಲಿ ಒಬ್ಬರ ಸಹಿ ಮಾತ್ರ ಬ್ಯಾಂಕಿನಲ್ಲಿರುತ್ತದೆಂಬುದು ನಮ್ಮ ಮನೆಗಳ ಮತ್ತೊಂದು ದೋಷ. ಅದನ್ನು ವಿಸ್ತರಿಸುವುದು ಇಲ್ಲಿ ಬೇಡ.

ಈಗ ಸೇವೆಯ ಮಾತು. ನಿವೃತ್ತರು ಸಮಾಜಕ್ಕೆ ಉಪಯೋಗವಾಗಬೇಕೆಂಬುದನ್ನು ಎಲ್ಲ ಭಾಷಣಕಾರರೂ ಹೇಳುತ್ತಾರೆ. ದೊಡ್ಡ ನಿದರ್ಶನಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಆಚಾರ್ಯ ಬಿ. ಎಂ. ಶ್ರೀಕಂಠಯ್ಯನವರು ಮೈಸೂರು ವಿಶ್ವವಿದ್ಯಾನಿಲಯದಿಂದ ನಿವೃತ್ತರಾದ ಮೇಲೆ ಧಾರವಾಡಕ್ಕೆ ಬಂದು ಕಾಲೇಜೊಂದರ ಪ್ರಾಂಶುಪಾಲರಾಗಿ ದುಡಿದು, 1946ರಲ್ಲಿ ಅಲ್ಲಿಯೇ ತೀರಿಕೊಂಡರು. ಪ್ರೊ. ಜಿ. ವೆಂಕಟಸುಬ್ಬಯ್ಯನವರು 1973ರಲ್ಲಿ ನಿವೃತ್ತರಾದವರು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟಿನ ಪ್ರಧಾನ ಸಂಪಾದಕರಾಗಿ ಅವರು ಮಾಡಿದ ಕೆಲಸದ ಬಹುಭಾಗ ಆಮೇಲಿನದು. ‘ಇಗೋ ಕನ್ನಡ’ ಎಂಬ ಅವರ ಅಂಕಣವು ಪತ್ರಿಕೆಯಲ್ಲಿ ಆರಂಭವಾದಾಗ ಅವರ ವಯಸ್ಸು ಎಪ್ಪತ್ತೇಳನ್ನು ಮೀರಿತ್ತು. 2021ರಲ್ಲಿ, 107ನೆಯ ವಯಸ್ಸಿನಲ್ಲಿ, ಅವರು ನಿಧನರಾದರು. ಇಂಥವರ ಬಾಳಿನಿಂದ ನಾವು ಗ್ರಹಿಸಬೇಕಾದ ಅಂಶ ಒಂದಿದೆ. ಅವರು ಹಿಡಿದ ಕೆಲಸವನ್ನು ಮಾಡಲು ಆಗ ಬೇರೊಬ್ಬ ತರುಣನು ಬಾಗಿಲಲ್ಲಿ ಕಾಯುತ್ತಿರಲಿಲ್ಲ. ನಿಘಂಟಿಗೆ ಬೇಕಾದ ತಾಳ್ಮೆಯೂ ಓದೂ ವಯಸ್ಸಿನಿಂದಲೇ ಬರತಕ್ಕವು.

ನಮ್ಮ ನಿವೃತ್ತರಲ್ಲಿ ಅನೇಕರು ಹಿಡಿಯುವ ದಾರಿ ಬೇರೆ. ಒಂದು ಸಮಿತಿಯ ಅಧ್ಯಕ್ಷತೆ, ಇನ್ನೊಂದರ ಗೌರವ ಕಾರ್ಯದರ್ಶಿತ್ವ, ಮೂರನೆಯದರ ಸಲಹೆಗಾರಿಕೆ. ಕುರ್ಚಿಯಿಂದ ಇಳಿದವನು ಮತ್ತೊಂದು ಕುರ್ಚಿಯನ್ನು ಹುಡುಕುತ್ತಾನೆ. ಇದರಿಂದ ಮನೆಯವರಿಗೆ ಹಗಲಿನ ಬಿಡುವು ಮರಳಿ ದೊರೆಯುತ್ತದೆಂಬ ಒಂದು ಪ್ರಯೋಜನವನ್ನು ನಾನು ಅಲ್ಲಗಳೆಯುವುದಿಲ್ಲ. ಇದಕ್ಕಿಂತ ಗಂಭೀರವಾದದ್ದು ಮತ್ತೊಂದು. ಖಾಲಿಯಾದ ಅಧ್ಯಾಪಕ ಸ್ಥಾನದಲ್ಲಿ ನಿವೃತ್ತ ಅಧ್ಯಾಪಕರೇ ಸಂಬಳವಿಲ್ಲದೆ ಪಾಠ ಮಾಡಲು ಮುಂದೆ ಬರುತ್ತಾರೆ. ಆಡಳಿತ ಮಂಡಳಿಗಳು ಅದನ್ನು ತ್ಯಾಗವೆಂದು ಕೊಂಡಾಡುತ್ತವೆ. ನಾಡಿನ ಎಷ್ಟೋ ಖಾಸಗಿ ಶಾಲೆಗಳಲ್ಲಿ ಇದು ನಡೆದಿದೆ. ಆ ಸ್ಥಾನಕ್ಕಾಗಿ ಬಿ.ಇಡಿ. ಮುಗಿಸಿ, ಅಲ್ಪ ಗೌರವಧನದ ಮೇಲೆ ಅತಿಥಿ ಶಿಕ್ಷಕನೆನಿಸಿಕೊಂಡು ವರ್ಷಗಳನ್ನು ಕಳೆಯುತ್ತಿರುವ ತರುಣ ತರುಣಿಯರ ಅನ್ನವನ್ನು ಈ ತ್ಯಾಗವು ತಿನ್ನುತ್ತದೆ. ‘ಅತಿಥಿ’ ಎಂಬ ಪೂಜ್ಯ ಶಬ್ದಕ್ಕೆ ನಮ್ಮ ಕಾಲ ಕೊಟ್ಟ ಅತ್ಯಂತ ಕ್ರೂರವಾದ ಅರ್ಥ ಇದು: ಕೆಲಸ ನಿತ್ಯದ್ದು, ಕೆಲಸಗಾರ ಮಾತ್ರ ಅತಿಥಿ. ಪಿಂಚಣಿ ಬರುವವನು ಉಚಿತ ಸೇವೆಯನ್ನು ಮಾಡಬಲ್ಲ. ರಾಜ್ಯದಲ್ಲಿ 1-4-2006ರಿಂದೀಚೆಗೆ ಸೇರಿದ ಸರ್ಕಾರಿ ನೌಕರರಿಗೆ ಹಳೆಯ ನಿಶ್ಚಿತ ಪಿಂಚಣಿಯ ಬದಲು ವಂತಿಗೆಯ ಯೋಜನೆಯನ್ನು ಅನ್ವಯಿಸಿದರು. ಆಡಳಿತ ಮಂಡಳಿಯ ಸಂಬಳದ ಮೇಲೆ ದುಡಿಯುವ ಎಷ್ಟೋ ಮಂದಿಗೆ ಅದೂ ಇಲ್ಲ. ನನ್ನ ತಲೆಮಾರಿನವರ ನಿವೃತ್ತಿಯ ನಿಶ್ಚಿಂತೆಯು ಮುಂದಿನವರಿಗೆ ಇರಲಾರದು. ಇಂಥ ಸ್ಥಿತಿಯಲ್ಲಿ ಅವರ ಬದುಕಿನ ದಾರಿಗೆ ನಾವು ಅಡ್ಡ ಮಲಗಬಾರದು. ದಾನಿಗಳಾದ ಮಹನೀಯರಲ್ಲಿಯೂ ನನ್ನ ಬಿನ್ನಹವಿದೆ. ಕಟ್ಟಡಕ್ಕೆ ಹೆಸರು ಕೆತ್ತಿಸುವ ದಾನದಂತೆಯೇ ಒಬ್ಬ ತರುಣ ಅಧ್ಯಾಪಕನ ಸಂಬಳಕ್ಕೆ ನಿಧಿಯನ್ನಿಡುವ ದಾನವೂ ಉಂಟೆಂಬುದನ್ನು ಪರಿಶೀಲಿಸಬೇಕು. ಅದಕ್ಕೆ ಶಿಲಾಫಲಕವಿರುವುದಿಲ್ಲ, ನಿಜ.

ಹಾಗಾದರೆ ನಿವೃತ್ತನು ಶಾಲೆಯಲ್ಲಿ ಏನು ಮಾಡಬೇಕು? ಸಂಬಳ ಕೊಟ್ಟು ಯಾರೂ ಮಾಡಿಸದ, ಆದರೆ ಆಗದೆ ಉಳಿದರೆ ಮಕ್ಕಳಿಗೆ ಹಾನಿಯಾಗುವ ಕೆಲಸವನ್ನು. ಎಂಟನೆಯ ತರಗತಿಗೆ ಬಂದೂ ಒತ್ತಕ್ಷರವನ್ನು ಓದಲು ತಡವರಿಸುವ ಮಕ್ಕಳು ಪ್ರತಿ ಶಾಲೆಯಲ್ಲಿ ಇದ್ದಾರೆ. ನಲವತ್ತು ಐವತ್ತು ಮಕ್ಕಳ ತರಗತಿಯಲ್ಲಿ ಅಧ್ಯಾಪಕನು ಅವರಿಗಾಗಿ ನಿಲ್ಲಲಾರ. ನಿಂತರೆ ಪಾಠಗಳು ಮುಗಿಯವು. ಅಂಥ ಮೂವರನ್ನೋ ನಾಲ್ವರನ್ನೋ ಮರದ ನೆರಳಿನಲ್ಲಿ ಕೂಡ್ರಿಸಿಕೊಂಡು ಒಂದೊಂದೇ ಸಾಲನ್ನು ಓದಿಸಲು ಹಾಜರಿ ಪುಸ್ತಕವೂ ಬೇಡ, ಆದೇಶವೂ ಬೇಡ. ಹಿರಿಯರ ಕಿವಿಗೆ ಇದಕ್ಕಿಂತ ತಕ್ಕ ಕೆಲಸವಿಲ್ಲ. ಮೂವತ್ತು ವರ್ಷ ಮಾತಾಡಿದವನು ಇನ್ನು ಮೂರು ವರ್ಷ ಕೇಳಲಿ. ಪ್ರಸಾದನಿಲಯದ ಹುಡುಗರಿಗೆ ಮನೆಗೆ ಕಾಗದ ಬರೆಯುವುದನ್ನೂ, ಬ್ಯಾಂಕಿನ ಚೀಟಿ ತುಂಬುವುದನ್ನೂ, ಜ್ವರ ಬಂದಾಗ ಜೊತೆಗೆ ಆಸ್ಪತ್ರೆಗೆ ಹೋಗುವುದನ್ನೂ ಯಾವ ವೇಳಾಪತ್ರಿಕೆಯೂ ಒಳಗೊಳ್ಳುವುದಿಲ್ಲ.

ಹೊತ್ತಿನ ಮಿತಿಯನ್ನು ಮಾತ್ರ ಮರೆಯಬಾರದು. ಮನೆಯ ಕೆಲಸದಿಂದ ತಪ್ಪಿಸಿಕೊಳ್ಳಲು ಸೇವೆಯನ್ನು ನೆಪ ಮಾಡಿಕೊಂಡವನು ಎರಡು ಕಡೆಯೂ ಸಲ್ಲಲಾರ. ನನ್ನ ಮಟ್ಟಿಗೆ ವಾರದಲ್ಲಿ ಎರಡು ಮಧ್ಯಾಹ್ನಗಳು ಸಾಕೆಂದು ತೋರುತ್ತದೆ; ಯಾವ ಎರಡು ಎಂಬುದನ್ನು ಮನೆಯಲ್ಲಿ ಕೇಳಿ ನಿಶ್ಚಯಿಸಿದ್ದೇನೆ. ಅದರಲ್ಲಿ ಒಂದು ಓದು ಬಾರದ ಮಕ್ಕಳಿಗೆ, ಮತ್ತೊಂದು ಗ್ರಂಥಾಲಯಕ್ಕೆ. ನಮ್ಮ ಶಾಲೆಯ ಹಳೆಯ ವಾರ್ಷಿಕ ಸಂಚಿಕೆಗಳಲ್ಲಿ ಕೆಲವಕ್ಕೆ ಹುಳು ಹಿಡಿದಿದೆ, ಕೆಲವಕ್ಕೆ ರಟ್ಟಿಲ್ಲ, ಯಾವುದಕ್ಕೂ ಲೇಖನಸೂಚಿಯಿಲ್ಲ. ಅವನ್ನು ಬಿಡಿಸಿ, ಒರೆಸಿ, ಹೊಲಿಸಿ, ಸೂಚಿಯನ್ನು ಸಿದ್ಧಪಡಿಸಲು ಇಬ್ಬರು ನಿವೃತ್ತರಿಗೆ ಒಂದೂವರೆ ವರ್ಷದ ಕೆಲಸವಿದೆ. ನನಗಿಂತ ಮೊದಲು ನಿವೃತ್ತರಾಗಲಿರುವ ಗಣಿತದ ಅಧ್ಯಾಪಕ ಮಿತ್ರರು ಜೊತೆಗೂಡಲು ಒಪ್ಪಿದ್ದಾರೆ. ಆ ಕಪಾಟುಗಳ ಬೀಗದ ಕೈ ಯಾರ ಬಳಿ ಇರತಕ್ಕದ್ದೆಂಬುದನ್ನು ಈ ಸಲದ ಸಭೆಯಲ್ಲಿ ನಿರ್ಣಯಿಸಿಕೊಟ್ಟರೆ, ಉಳಿದದ್ದನ್ನು ನಾವು ನೋಡಿಕೊಳ್ಳುತ್ತೇವೆ.